ತಣ್ಣನೆಯ ಕಬ್ಬಿಣ

೧೮೯೩, ಅಕ್ಟೋಬರ್ ೬, ಶುಕ್ರವಾರ

ಇವತ್ತೂ ಕಡಲ ಮಂಜು. ಎಡಿನ್‌ಬರೋದಲ್ಲಿ ಹುಟ್ಟಿ ಬೆಳೆದವನಿಗೆ ಅದೇನು ಹೊಸತಲ್ಲ. ಆದರೆ ಈ ವರ್ಷ ಬೇಸಿಗೆಯಿಂದಲೂ ಬಿಟ್ಟೂಬಿಡದೆ ಹಿಡಿದಿದೆ. ಬೀದಿದೀಪಗಳಿಗೆಲ್ಲ ಬಳೆ ತೊಡಿಸಿದ ಹಾಗೆ ಕಾಣುತ್ತದೆ. ಬೆಳಿಗ್ಗೆ ಆಸ್ಪತ್ರೆಗೆ ನಡೆದು ಹೋಗುವಾಗ ತರಕಾರಿ ಗಾಡಿಯೊಂದು ನನ್ನ ಕೋಟಿಗೇ ಉಜ್ಜಿಕೊಂಡು ಹೋಯಿತು. ಗಾಡಿಯವನು ನನಗೇ ಬೈದ.

ತರಗತಿ ಮಾತ್ರ ಅದ್ಭುತವಾಯಿತು, ಹಾಗೆಂದು ನಾನೇ ಬರೆದುಕೊಳ್ಳಬೇಕು. ಹುಡುಗರು ಮೆಟ್ಟಿಲ ಮೇಲೆಲ್ಲ ಕೂತಿದ್ದರು. ಅರ್ಧ ಜನ ವೈದ್ಯಕೀಯ ಓದುವವರೇ ಅಲ್ಲ. ನನ್ನ ಹಳೆಯ ಶಿಷ್ಯ ಟಾಮ್ ಲೌಡನ್ ಲಂಡನ್ನಿಗೆ ಹೋಗಿ, ವೈದ್ಯವೃತ್ತಿಗೆ ತಿಲಾಂಜಲಿ ಕೊಟ್ಟು, ಪತ್ತೇದಾರನೊಬ್ಬನ ಕಥೆಗಳನ್ನು ಬರೆದು ಹಣ ಮಾಡಿದ್ದಾನೆ. ಆ ಪತ್ತೇದಾರನ ಮೂಗು, ನಡಿಗೆ, ಒರಟುತನ ಎಲ್ಲ ನನ್ನದೇ ಎಂದು ಪತ್ರಿಕೆಗಳಿಗೆ ಹೇಳಿಕೊಂಡು ತಿರುಗುತ್ತಾನೆ. ಅಂದಿನಿಂದ ನನ್ನ ಹೊರರೋಗಿಗಳ ಶುಕ್ರವಾರ ನಾಟಕಶಾಲೆಯಾಗಿದೆ. ಬೇಸರ ಎಂದು ಎಲ್ಲರ ಮುಂದೆ ಹೇಳುತ್ತೇನೆ. ಬೇಸರವೇನೂ ಇಲ್ಲ.

ನನ್ನ ತರಗತಿಗೆ ಒಂದೇ ಕಟ್ಟಳೆ. ನಾನು ಹೇಳಿ ಮುಗಿಸುವ ತನಕ 'ಹೌದು' ಎನ್ನುವುದೊಂದನ್ನು ಬಿಟ್ಟು ರೋಗಿ ತುಟಿ ಪಿಟಕ್ ಎನ್ನಬಾರದು. ಇವತ್ತು ಮೂರನೆಯವಳಾಗಿ ಬಂದವಳು ಒಬ್ಬ ಮೀನಿನವಳು. 

"ನ್ಯೂಹೇವನ್ನಿಂದ ನಡ್ಕೊಂಡೇ ಬಂದಿದೀಯ," ಎಂದೆ. ಕಡಲ ದಡದ ಬೆಸ್ತರ ಹಳ್ಳಿ ಅದು.

"ಹೌದು ಡಾಕ್ಟ್ರೇ."

"ಬುಟ್ಟಿ ಪಟ್ಟೀನ ಹಣೆಗೆ ಹಾಕ್ಕೊಂಡು ಮನೆಮನೆಗೆ ಮೀನು ಮಾರ್ತೀಯ. ಆದ್ರೆ ಈಗ ಕೆಲವು ವಾರದಿಂದ ಬುಟ್ಟಿ ಹೊತ್ತಿಲ್ಲ. ಮಕ್ಕಳಿಲ್ಲ. ಗಂಡ ಕಡಲಿಗೆ ಹೋದೋನು ವಾಪಸ್ ಬರ್ಲಿಲ್ಲ, ಹೆಣ ಬಂತು."

ಹುಡುಗರು ಉಸಿರು ಬಿಗಿಹಿಡಿದರು. ಆಮೇಲೆ ಬಿಡಿಸಿ ಹೇಳಿದೆ. ಹಣೆಯ ಮೇಲೆ ಪಟ್ಟಿಯ ಗುರುತು, ಆದರೆ ಮಾಸುತ್ತಿರುವ ಗುರುತು. ಬೆಸ್ತರ ಹೆಂಗಸು ಮಗಳಿದ್ದರೆ ಮಗಳನ್ನು ಕರೆದುಕೊಂಡೇ ಆಸ್ಪತ್ರೆಗೆ ಬರುತ್ತಾಳೆ, ಇವಳು ಒಂಟಿ. ಬೆರಳಲ್ಲಿ ಗಂಡಸಿನ ಉಂಗುರ, ಜಾರದಂತೆ ನೂಲು ಸುತ್ತಿದೆ. ಬದುಕಿರುವವನು ಉಂಗುರ ಬಿಚ್ಚಿ ಕೊಡುವುದಿಲ್ಲ, ಕಡಲು ಹೆಣ ಕೊಡದೆ ಉಂಗುರ ಕೊಡುವುದಿಲ್ಲ. ಹುಡುಗರು ನೆಲಕ್ಕೆ ಬೂಟು ಬಡಿದು ಗದ್ದಲವೆಬ್ಬಿಸಿದರು.

ನಿಜ ಹೇಳಬೇಕೆಂದರೆ ಅವಳು ಬಾಗಿಲಲ್ಲಿದ್ದಾಗಲೇ ಮೂಗು ಅರ್ಧ ಕೆಲಸ ಮಾಡಿತ್ತು. ಉಂಗುರ ಬೆಂಚಿನ ಕಬ್ಬಿಣಕ್ಕೆ ತಗುಲಿ ಸದ್ದಾಗಿದ್ದರಿಂದ ಅತ್ತ ಬಗ್ಗಿ ನೋಡಿದೆ. ಅದನ್ನೆಲ್ಲ ಹುಡುಗರಿಗೆ ಹೇಳಬೇಕಾಗಿಲ್ಲ.

"ಮಲಕ್ಕೋ, ಹೆದರ್ಬೇಡ," ಎಂದೆ. "ಈ ಬೆಂಚು ನಮ್ಮ ಪಾದ್ರಿ ಭಾಷಣಕ್ಕಿಂತ ಮೆತ್ತಗಿದೆ." ಹುಡುಗರು ನಕ್ಕರು. ಅದೇ ಕ್ಷಣ ಅವಳು ಬೆಂಚಿನ ಕಬ್ಬಿಣದ ತೋಳನ್ನು ಗಬಕ್ಕನೆ ಹಿಡಿದುಕೊಂಡಳು. "ನೋಡಿ, ನೋವು ಬಂತು," ಎಂದೆ. ಹೊಟ್ಟೆ ಮುಟ್ಟಿದೆ. ಹೊಕ್ಕುಳ ತನಕ ಗಡ್ಡೆ, ಸ್ವಲ್ಪ ಬಲಕ್ಕೆ ವಾಲಿದೆ. ನಲವತ್ತನಾಲ್ಕು ವಯಸ್ಸು, ಮುಟ್ಟು ನಿಂತಿದೆ, ಆಗಾಗ ವಾಂತಿ. ಅಂಡಾಶಯದ ಗಡ್ಡೆ, ಬುಡ ತಿರುಚಿಕೊಂಡಾಗೆಲ್ಲ ನೋವು. ಒಂದು ದಿನ ಪೂರ್ತಿ ತಿರುಚಿಕೊಂಡರೆ ಸಾವು. ಕೊಯ್ದು ತೆಗೆಯಬೇಕು.

"ಹೌದು ಡಾಕ್ಟ್ರೇ," ಎಂದಳು ಅವಳು.

ಎರಡು ವಾರ ವಾರ್ಡಿನಲ್ಲಿಟ್ಟು ಹಾಲು, ಗಂಜಿ ಕೊಟ್ಟು ಮೈ ತುಂಬಿಸಿಕೊಳ್ಳಲಿ ಎಂದು ಬರೆದೆ. ಇಪ್ಪತ್ತನೇ ತಾರೀಖು ಲೌಡನ್ ಬರುತ್ತಾನೆ, ಮಾಸಪತ್ರಿಕೆಯ ಚಿತ್ರಗಾರನೊಬ್ಬನನ್ನೂ ಕರೆತರುತ್ತಾನೆ. ಶಸ್ತ್ರಕ್ರಿಯೆಯೂ ಅಂದೇ ಇಟ್ಟುಕೊಂಡರೆ ಆಯಿತು.

ಅಕ್ಟೋಬರ್ ೮, ಭಾನುವಾರ

ಇಗರ್ಜಿ. ಕೂರಲಾಗಲಿಲ್ಲ. ಎರಡನೇ ಕೀರ್ತನೆಗೇ ಎದ್ದು ಬಂದು ಕ್ಯಾಲ್ಟನ್ ಗುಡ್ಡ ಸುತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಮಂಜು.

ಮಗಳು ಈಸೊಬೆಲ್ ಈಗ ದಿನವೂ ಪತ್ರಿಕೆ ಓದಿ ಹೇಳುತ್ತಾಳೆ. ನನ್ನ ಕನ್ನಡಕ ಬದಲಾಯಿಸಬೇಕು, ಅಷ್ಟೇ. ಮಧ್ಯಾಹ್ನ ಚಹಾ ಸುರಿಯುವಾಗ ಬಟ್ಟಲಿನ ಆಚೆ ಸುರಿದೆ. ಅವಳು ಏನೂ ಅನ್ನಲಿಲ್ಲ, ಬಟ್ಟೆ ತಂದು ಒರೆಸಿದಳು. ಅನ್ನದೇ ಇದ್ದದ್ದಕ್ಕೆ ಸಿಟ್ಟು ಬಂತು. ಅವಳ ತಾಯಿ ಬದುಕಿದ್ದರೆ ನಾಲ್ಕು ಮಾತು ಆಡಿರುತ್ತಿದ್ದಳು, ಜಗಳ ಮುಗಿದು ಮನಸ್ಸು ಹಗುರವಾಗುತ್ತಿತ್ತು.

ಅಕ್ಟೋಬರ್ ೧೦, ಮಂಗಳವಾರ

ಮೀನಿನವಳಿಗೆ ದಿನವೂ ಬೆಳಿಗ್ಗೆ, ಪ್ರಾರ್ಥನೆಯ ಹೊತ್ತಿಗೇ ನೋವು ಬರುತ್ತದಂತೆ. ಮಂಚದ ಕಂಬಿ ಹಿಡಿದುಕೊಳ್ಳುತ್ತಾಳೆ ಎಂದು ವಾರ್ಡಿನ ದಾದಿ ಹೇಳಿದಳು. ಸರಿಯಾಗಿದೆ. ರಾತ್ರಿಯೆಲ್ಲ ಮಲಗಿ ಎದ್ದಾಗ ಗಡ್ಡೆ ಜಾರಿ ಬುಡ ಬಿಗಿಯುತ್ತದೆ. ಇದನ್ನು ತರಗತಿಯಲ್ಲಿ ಹೇಳಬೇಕು.

ಸುತ್ತು ಮುಗಿದಾಗ ನನ್ನ ಸಹಾಯಕ ವೈದ್ಯ ಪ್ರಿಂಗಲ್ ಹಿಂದೆ ಉಳಿದ. ಒಳ್ಳೆಯವನು, ಆದರೆ ಮಾತಿಗೆ ಮುಂಚೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಾನೆ.

"ಸರ್, ಆಕೆ ಹೊಟ್ಟೆ ಮೇಲಿನ ಆ ಗೆರೆ..."

"ನೋಡಿದೀನಿ ಪ್ರಿಂಗಲ್."

"ಸರಿ ಸರ್. ನೀವು ನೋಡೇ ಇರ್ತೀರಿ ಅಂದ್ಕೊಂಡೆ."

ನೋಡಿರಲಿಲ್ಲ. ಅವನು ಹೋದ ಮೇಲೆ ತಿರುಗಿ ಹೋಗಿ, ಹೊದಿಕೆ ಸರಿಸಿ ಬಗ್ಗಿ ನೋಡಿದೆ. ಹಾಳು ಮಂಜು ವಾರ್ಡಿನೊಳಗೂ ನುಗ್ಗುತ್ತದೆ. ಲಂಗದ ಲಾಡಿ ಬಿಗಿದ ಗುರುತಿರಬೇಕು.

ಅಕ್ಟೋಬರ್ ೧೩, ಶುಕ್ರವಾರ

ತರಗತಿ. ಒಬ್ಬ ಚಮ್ಮಾರನನ್ನು ಚಮ್ಮಾರ ಎಂದೆ, ಅದೂ ಹೊಲಿಗೆ ದಾರಕ್ಕೆ ಹಚ್ಚುವ ಅರಗಿನ ವಾಸನೆಯಿಂದ. ಇನ್ನೊಬ್ಬನನ್ನು ಸೈನ್ಯದಿಂದ ಬಂದವನು, ತುತ್ತೂರಿ ಊದುತ್ತಿದ್ದವನು ಎಂದೆ. "ಹೌದು ಸರ್" ಎಂದ. ಹೊರಗೆ ಹೋಗುವಾಗ ಬಾಗಿಲ ಬಳಿ ಅವನು ಹೆಂಡತಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನಾನ್ಯಾವತ್ತು ಸೈನ್ಯದಲ್ಲಿದ್ದೆ ಮಾರಾಯ್ತಿ. ಅಷ್ಟು ಜನರ ಎದುರಿಗೆ ದೊಡ್ಡೋರು ಹೇಳ್ವಾಗ ಇಲ್ಲ ಅನ್ನಕ್ಕಾಗತ್ತಾ."

ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನಗಬೇಕೆನಿಸಿತು, ನಗು ಬರಲಿಲ್ಲ. ಈ ಆರೇಳು ವರ್ಷಗಳಲ್ಲಿ ನನಗೆ ಹೌದು ಎಂದವರೆಷ್ಟು ಮಂದಿ.

ಮಧ್ಯಾಹ್ನ ಒಂದು ಬೆರಳು ಕತ್ತರಿಸುವ ಸಣ್ಣ ಶಸ್ತ್ರಕ್ರಿಯೆ. ಸೂಜಿಗೆ ದಾರ ಪೋಣಿಸಲಾಗಲಿಲ್ಲ. ದಾದಿ ಪೋಣಿಸಿಕೊಟ್ಟಳು. "ಈಗಿನ ಸೂಜಿಗಳು ಸಣ್ಣ," ಎಂದೆ. "ಹೌದು ಸರ್," ಎಂದಳು ಅವಳೂ.

ಅಕ್ಟೋಬರ್ ೧೫, ಭಾನುವಾರ

ಈಸೊಬೆಲ್ ಇಗರ್ಜಿಗೆ ಹೋದಾಗ ಅವಳ ಹೊಲಿಗೆ ಪೆಟ್ಟಿಗೆ ತೆಗೆದು ಕಿಟಕಿಯ ಪಕ್ಕ ಕೂತೆ. ಒಂದು ಸೂಜಿಗೂ ದಾರ ಹೋಗಲಿಲ್ಲ. ಪೆಟ್ಟಿಗೆ ಇದ್ದಲ್ಲಿಯೇ ಇಟ್ಟೆ.

ಶುಕ್ರವಾರ ಮೀನಿನವಳ ಹೊಟ್ಟೆಯೊಳಗೆ ಕರುಳಿನ ಪಕ್ಕದಲ್ಲಿ ಈ ಕೈ ಹೋಗಬೇಕು. ಕೈ ಗಟ್ಟಿಯಾಗಿದೆ. ಮೂವತ್ತು ವರ್ಷ ದುಡಿದ ಕೈಗೆ ಕಣ್ಣು ಬೇಕೇ ಬೇಕೆಂದೇನಿಲ್ಲ. ಪ್ರಿಂಗಲ್ ಪಕ್ಕದಲ್ಲಿರುತ್ತಾನೆ. ಹಾಗೆಂದು ಅವನಿಗೆ ಒಪ್ಪಿಸಿದರೆ ಯಾಕೆಂದು ಲೌಡನ್ ಕೇಳುತ್ತಾನೆ. ಲೌಡನ್ ಕೇಳಿದ್ದು ಲಂಡನ್ನಿಗೆಲ್ಲ ಗೊತ್ತಾಗುತ್ತದೆ.

ಹೆದರಿಕೆಯಾಗುತ್ತಿದೆ. ಇಲ್ಲಿ ಬರೆದರೆ ಯಾರೂ ಓದುವುದಿಲ್ಲ.

ಅಕ್ಟೋಬರ್ ೧೭, ಮಂಗಳವಾರ

ಇದ್ದಲಿನ ಬಕೆಟ್ಟು ಎಡವಿ ವಾರ್ಡಿನ ನಡುವೆ ಬೀಳುವುದರಲ್ಲಿದ್ದೆ. ಮೊಣಕಾಲು ಸಿಡಿಯುತ್ತಿತ್ತು. ಹತ್ತಿರ ಇದ್ದ ಮುಕ್ಕಾಲಿಯ ಮೇಲೆ, ಯೋಚಿಸಲು ಕೂತವನ ಹಾಗೆ ಕೂತೆ. ಅದು ಅವಳ ಮಂಚದ ಪಕ್ಕ. ಕಾರ್ನಿ ಅವಳ ಹೆಸರು, ಮ್ಯಾರಿಯನ್ ಕಾರ್ನಿ. ಹಾಸಿಗೆಯ ತಲೆಗಿಟ್ಟ ಹಲಗೆಯಲ್ಲಿದೆಯಂತೆ, ಅವಳೇ ಹೇಳಿದಳು.

ಕೂತಿದ್ದಾಗ ದಾದಿ ಬಾಗಿಲಲ್ಲಿ, "ಪಾದ್ರಿಗಳು ಬಂದ್ರು, ಎಲ್ಲರೂ ಸುಮ್ನಿರಿ," ಎಂದಳು. ಕೂಡಲೇ ನನ್ನ ಕಿವಿಯ ಹತ್ತಿರ 'ಟಿಣ್' ಎಂದಿತು. ಮಂಚದ ಕಂಬಿಗೆ ಉಂಗುರ ತಗುಲಿದ ಸದ್ದು. ನೋವಿಗೆ ಉಸಿರು ಕಟ್ಟಬೇಕು, ನರಳಬೇಕು. ಅವಳ ಉಸಿರು ನನ್ನ ಉಸಿರಿಗಿಂತ ಸಲೀಸಾಗಿತ್ತು. ಪ್ರಾರ್ಥನೆ ನಡೆದಷ್ಟು ಹೊತ್ತೂ ಕಂಬಿಯ ಸದ್ದಿಲ್ಲ. ಮುಗಿದ ಮೇಲೆ ಪಕ್ಕದ ಮುದುಕಿ, "ಇವತ್ತು ಪಾದ್ರಿಗೆ ನೆಗಡಿ," ಎಂದಳು. ಟಿಣ್.

ನನಗೆ ಏನೋ ಹೊಳೆದು, ಯಾರಿಗೋ ಹೇಳುವವನ ಹಾಗೆ, "ಊಟಕ್ಕೆ ಹಂದಿ ಮಾಂಸ ಇದ್ಯೇನೋ," ಎಂದೆ. ಟಿಣ್.

ಬೆಸ್ತರ ತಣ್ಣನೆಯ ಕಬ್ಬಿಣ. ಪಾದ್ರಿ, ಹಂದಿ, ಸಾಲ್ಮನ್ ಮೀನು, ಈ ಹೆಸರುಗಳು ಕಿವಿಗೆ ಬಿದ್ದರೆ ಕಡಲಿಗೆ ಹೋದವರಿಗೆ ಕೇಡು, ಕಬ್ಬಿಣ ಮುಟ್ಟಿ ಕಳೆದುಕೊಳ್ಳಬೇಕು. ಈ ಊರಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ನಾವು ಹುಡುಗರಾಗಿದ್ದಾಗ ಬಂದರಿನಲ್ಲಿ ಬೇಕೆಂದೇ 'ಹಂದಿ ಹಂದಿ' ಎಂದು ಕೂಗಿ ಓಡುತ್ತಿದ್ದೆವು. ಎಲ್ಲ ಗೊತ್ತಿದ್ದವನು ನಾನು ಅದನ್ನು ನೋವೆಂದು ಇನ್ನೂರು ಜನರಿಗೆ ತೋರಿಸಿದೆ.

"ಕಾರ್ನಿ, ನಿಂಗೆ ಹೊಟ್ಟೆನೋವು ಇದ್ಯಾ?" ಎಂದು ಕೇಳಿದೆ.

"ನೋವಾ? ಇಲ್ಲ ಡಾಕ್ಟ್ರೇ."

"ಮತ್ತೆ ಅವತ್ತು ಹೌದು ಅಂದ್ಯಲ್ಲ."

"ನೀವು ಇದೆ ಅಂದ್ರಿ. ಇರತ್ತೇನೋ, ನಂಗೆ ತಿಳೀತಿಲ್ವೇನೋ ಅಂದ್ಕೊಂಡೆ. ನನ್ನ ಗಂಡ ಸತ್ತಿದ್ದನ್ನ ನಾನು ಬಾಯಿ ಬಿಡೋ ಮುಂಚೆ ಹೇಳ್ಬಿಟ್ರಿ. ಅಂಥೋರಿಗೆ ನನ್ನ ಹೊಟ್ಟೇಲಿರೋದು ಗೊತ್ತಾಗಲ್ವಾ?" ಆಮೇಲೆ ದನಿ ತಗ್ಗಿಸಿ ಕೇಳಿದಳು: "ಗಡ್ಡೆ ಹೊರಳತ್ತಾ ಡಾಕ್ಟ್ರೇ?"

"ನೀರು ತುಂಬಿದ ಗಡ್ಡೆ. ಹೊರಳತ್ತೆ," ಎಂದೆ.

"ಹಾಗಾದ್ರೆ ಸರಿ," ಎಂದಳು.

ನೋವು ಸುಳ್ಳಾದರೂ ಗಡ್ಡೆ ಸುಳ್ಳಲ್ಲ. ಕೈಗೆ ಸಿಕ್ಕಿದೆ. ಕೊಯ್ಯಲೇಬೇಕು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಲ್ಲ ನಾನು, ಮತ್ತೆ ಮತ್ತೆ ಯೋಚಿಸಿಯೇ ಹೇಳುತ್ತಿದ್ದೇನೆ.

ಅಕ್ಟೋಬರ್ ೧೮, ಬುಧವಾರ

ಹಾಗಾದ್ರೆ ಸರಿ ಎಂದಾಗ ಅವಳ ದನಿ ಯಾಕೆ ಹಾಗಿತ್ತು. ಊಟಕ್ಕೆ ಕೂತೆ, ಎದ್ದೆ. ಪುಸ್ತಕ ತೆಗೆದೆ, ಇಟ್ಟೆ. ಮೆಡೋಸ್ ಮೈದಾನವನ್ನು ಎರಡು ಸುತ್ತು ಹಾಕಿದೆ. ಯಾರೋ ಹುಡುಗಿ ಮುಂದೆ ಮುಂದೆ ನಡೆಯುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು, ದನಿ ಹಿಡಿದು ಅವಳ ಹಿಂದೆಯೇ ಹೋದೆ, ಕಾಲು ಎಲ್ಲೂ ತಪ್ಪಲಿಲ್ಲ. ಎಲೆ ಉದುರುವ ಸದ್ದು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

ಅಕ್ಟೋಬರ್ ೧೯, ಗುರುವಾರ

ಲೌಡನ್ ಸಂಜೆ ಊಟಕ್ಕೆ ಬಂದ. ದಪ್ಪಗಾಗಿದ್ದಾನೆ, ಕುರ್ಚಿ ಕಿರುಗುಟ್ಟಿದ್ದರಿಂದ ತಿಳಿಯಿತು. ಕುರಿಮಾಂಸ ಎರಡನೇ ಸಲ ಬಡಿಸುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ.

"ಸರ್, ನನ್ನ ಬೂಟು ನೋಡಿ ಏನಾದ್ರೂ ಹೇಳಿ. ಹಳೇ ಕಾಲದ ಹಾಗೆ."

"ಬೂಟಿಗೆ ದುಡ್ಡು ಜಾಸ್ತಿ ಕೊಟ್ಟಿದೀಯ," ಎಂದೆ. ಚಿತ್ರಗಾರ ಬಿದ್ದು ಬಿದ್ದು ನಕ್ಕ. ಲೌಡನ್‌ಗೂ ನಗು. "ನಾಳೆ ಕೊಯ್ಯೋ ಮುಂಚೆ ಆ ಹೆಂಗಸಿನ ಬಗ್ಗೆ ಇನ್ನೊಂದೆರಡು ಹೇಳ್ಬಿಡಿ ಸರ್. ಓದುಗರಿಗೆ ಬೇಕಾಗಿರೋದು ಅದೇ. ಚಾಕು ಯಾರು ಬೇಕಾದ್ರೂ ಹಿಡೀತಾರೆ."

ಅವರನ್ನು ಕಳಿಸಿ ಬಾಗಿಲಲ್ಲಿ ನಿಂತಿದ್ದೆ. "ಈ ಮಂಜಲ್ಲಿ ಹೋಟೆಲ್ ದಾರಿ ಸಿಗತ್ತೋ ಇಲ್ವೋ ಅವರಿಗೆ," ಎಂದೆ.

ಈಸೊಬೆಲ್ ನನ್ನ ತೋಳು ಹಿಡಿದಳು. "ಅಪ್ಪಾ, ಮಂಜಿಲ್ಲ."

"ಏನಂದೆ?"

"ಆಕಾಶದ ತುಂಬ ನಕ್ಷತ್ರ ಇದೆ. ಬೆಳಿಗ್ಗೆ ಬಿಸಿಲಿತ್ತು. ನಿನ್ನೇನೂ ಇತ್ತು. ಈ ತಿಂಗಳು ಮಂಜು ಬಂದಿದ್ದು ಒಂದೋ ಎರಡೋ ಸಲ. ನನ್ನ ಸೂಜಿಗಳನ್ನೆಲ್ಲ ತಿರುವಿ ಹಾಕಿದ್ದೂ ನಂಗೊತ್ತು."

"ಕನ್ನಡಕ ಬದಲಾಯಿಸ್ಬೇಕು."

"ಬದಲಾಯಿಸಿ. ನಾಳೆ ಆಕೇನ ಕೊಯ್ದಾದ ಮೇಲಾ, ಮುಂಚೇನಾ?"

ಮೆಟ್ಟಿಲು ಹತ್ತಿ ಬಂದೆ. ಅವಳ ತಾಯಿಯದೇ ನಾಲಿಗೆ.

ಅಕ್ಟೋಬರ್ ೨೦, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಸಾಲು ಸೊಟ್ಟವಾದರೆ ಆಗಲಿ.

ಶಸ್ತ್ರಶಾಲೆ ಕಿಕ್ಕಿರಿದಿತ್ತು. ಮುಖಗಳು ಕಾಣಲಿಲ್ಲ, ಕೆಮ್ಮು, ಪಿಸುಮಾತು, ಒದ್ದೆ ಉಣ್ಣೆಕೋಟುಗಳ ವಾಸನೆ. ಎಡಗಡೆ ಚಿತ್ರಗಾರನ ಪೆನ್ಸಿಲ್ ಕೆರೆಯುತ್ತಿತ್ತು. ಮ್ಯಾರಿಯನ್ ಕಾರ್ನಿಯನ್ನು ಕರೆತಂದು ಮೇಜಿನ ಮೇಲೆ ಮಲಗಿಸಿದರು. ಆಕೆಯ ಹಲ್ಲು ಕಟಕಟ ಎನ್ನುತ್ತಿತ್ತು. ಪ್ರಿಂಗಲ್ ಕ್ಲೋರೋಫಾರ್ಮಿನ ಸೀಸೆ ತೆಗೆದ, ಸಿಹಿ ವಾಸನೆ ಬಂತು. "ಇನ್ನೊಂದೆರಡು ಹೇಳಿ ಸರ್," ಎಂದು ಮುಂದಿನ ಸಾಲಿನಿಂದ ಲೌಡನ್ ಮೆಲ್ಲಗೆ ಅಂದ.

ನಾನು ಬಾಯಿ ತೆರೆದೆ. ಹೇಳಲು ಏನೂ ಇರಲಿಲ್ಲ. ಮೇಜಿನ ಮೇಲೆ ಬಿಳಿಯದೊಂದು ಆಕಾರ, ಅದರೊಳಗೆ ಹೆದರಿಕೊಂಡ ಒಂದು ಉಸಿರು, ಇಷ್ಟೇ.

"ಪ್ರಿಂಗಲ್, ಸ್ವಲ್ಪ ತಡಿ," ಎಂದೆ. "ಕಾರ್ನಿಯವರೇ, ಗಡ್ಡೆ ಹೊರಳತ್ತಾ ಅಂತ ಕೇಳಿದ್ರಲ್ಲ. ಯಾವಾಗಿನಿಂದ?"

ರೋಗಿಯನ್ನು ನಾನು ಪ್ರಶ್ನೆ ಕೇಳಿದ್ದು ಹುಡುಗರಿಗೆ ವಿಚಿತ್ರವೆನಿಸಿರಬೇಕು, ಪಿಸುಮಾತು ನಿಂತಿತು.

"ಹೆರಿಂಗ್ ಮೀನಿನ ದೋಣಿಗಳು ಉತ್ತರದಿಂದ ವಾಪಸ್ ಬಂದ್ವಲ್ಲ, ಆವಾಗಿಂದ. ಮೊದ್ಲು ಚಿಟ್ಟೆ ಬಡ್ಕೊಂಡ ಹಾಗಿತ್ತು. ಈಗ ಒದ್ದ ಹಾಗಾಗತ್ತೆ."

"ನಿಮ್ಮ ಯಜಮಾನ್ರು ಹೋಗಿದ್ದು?"

"ಮೇ ತಿಂಗಳ ಬಿರುಗಾಳೀಲಿ."

"ಮುಟ್ಟು ನಿಂತಿದ್ದು?"

"ಅದಾದ್ಮೇಲೇನೇ. ದುಃಖಕ್ಕೆ ನಿಂತಿದೆ ಅಂದ್ಕೊಂಡೆ. ವಯಸ್ಸೂ ಆಯ್ತಲ್ಲ. ಇಪ್ಪತ್ತು ವರ್ಷ ಆಗ್ದೇ ಇದ್ದಿದ್ದು ಈಗ ಆಗತ್ತಾ." ಆಮೇಲೆ ತುಂಬ ಮೆತ್ತಗೆ, ನನಗೆ ಮಾತ್ರ ಕೇಳುವ ಹಾಗೆ: "ಒಂದು ಸಲ ಅನ್ಸಿತ್ತು ಡಾಕ್ಟ್ರೇ. ಆದ್ರೆ ನೀವು ಗಡ್ಡೆ ಅಂದ್ರಿ."

ಎದೆಬಡಿತ ಕೇಳುವ ಮರದ ನಾಳ ತರಿಸಿದೆ. ಬಗ್ಗಿ ಕಿವಿ ಇಟ್ಟೆ. ಯಾರೂ ಕೆಮ್ಮಬಾರದೆಂದು ಹೇಳಬೇಕಾಗಲಿಲ್ಲ. ಮೊದಲು ನನ್ನದೇ ರಕ್ತದ ಸದ್ದು. ಆಮೇಲೆ ಆಕೆಯ ಕರುಳಿನ ಗುಡುಗುಡು. ನಾಳ ಸರಿಸಿದೆ, ಮತ್ತೆ ಸರಿಸಿದೆ. ಬಲಗಡೆ, ಕೆಳಗೆ, ಸಿಕ್ಕಿತು. ಸಣ್ಣದು, ಆತುರದ್ದು, ಓಡುತ್ತಿರುವುದು. ಆಕೆಯ ಮಣಿಕಟ್ಟು ಹಿಡಿದು ನೋಡಿದೆ. ಕೈಯಲ್ಲಿ ಒಂದು ನಾಡಿ, ಕಿವಿಯಲ್ಲಿ ಇನ್ನೊಂದು, ಒಂದಕ್ಕೊಂದು ಹೊಂದಲಿಲ್ಲ. ಎಷ್ಟು ಹೊತ್ತು ಬಗ್ಗಿದ್ದೆನೋ ತಿಳಿಯದು. ಏಳಲು ಮನಸ್ಸಿರಲಿಲ್ಲ.

ಪ್ರಿಂಗಲ್‌ನನ್ನು ಕರೆದು ಕೇಳಿಸಿದೆ. ಅವನು ಎದ್ದಾಗ ಗಂಟಲು ಸರಿಮಾಡಿಕೊಳ್ಳಲೇ ಇಲ್ಲ.

"ಹೊಟ್ಟೆ ಮೇಲಿನ ಕಂದು ಗೆರೆ ಸರ್. ಬಸುರಿಯರಿಗೆ ಬರೋದು. ನಾನು ಅವತ್ತೇ... ನೀವು ನೋಡಿದೀನಿ ಅಂದ್ರಿ. ನೀವೇ ನೋಡಿ ಬಿಟ್ಟಿದೀರಿ ಅಂದ್ಮೇಲೆ ಬೇರೆ ಏನೋ ಕಾರಣ ಇರತ್ತೆ ಅಂದ್ಕೊಂಡೆ."

"ನೋಡಿರ್ಲಿಲ್ಲ," ಎಂದೆ. ಹಿಂದಿನ ಸಾಲಿಗೂ ಕೇಳಲೆಂದು ದನಿ ಏರಿಸಿದೆ. "ನಂಗೆ ಕಣ್ಣು ಕಾಣಲ್ಲ. ಬೇಸಿಗೆಯಿಂದ ಕಾಣ್ತಿಲ್ಲ. ಈ ಹೆಂಗಸಿಗೆ ಗಡ್ಡೆ ಇಲ್ಲ, ನೋವೂ ಇಲ್ಲ. ನಾನು ಹೇಳಿದ್ದು ತಪ್ಪು."

ಪೆನ್ಸಿಲ್ ನಿಂತಿತು. ಬೂಟು ಬಡಿಯುವವರು ಯಾರೂ ಇರಲಿಲ್ಲ.

ಆಕೆಯ ಕಿವಿಯ ಹತ್ತಿರ ಬಗ್ಗಿ, "ಮಗು," ಎಂದೆ. "ಬದುಕಿದೆ. ನಿಮ್ಮ ಯಜಮಾನ್ರದ್ದು. ಫೆಬ್ರವರೀಲಿ ಹುಟ್ಟತ್ತೆ."

ಆಕೆ ಅಳಲಿಲ್ಲ, ನಗಲೂ ಇಲ್ಲ. ಕೈ ಮಾತ್ರ ಮೇಜಿನ ಅಂಚಿನುದ್ದಕ್ಕೂ ತಡಕಾಡತೊಡಗಿತು. ಉಂಗುರ ತಾಗಿ ತಾಗಿ ಬರೀ ಮರದ ಸದ್ದು. ನಮ್ಮ ಶಸ್ತ್ರಶಾಲೆಯ ಮೇಜು ಅಪ್ಪಟ ಓಕ್ ಮರದ್ದು. ಹುಟ್ಟದ ಮಗುವಿನ ಮಾತೆತ್ತಿದರೂ ಬೆಸ್ತರಿಗೆ ಕೇಡು, ನಾನು ಎತ್ತಿಬಿಟ್ಟಿದ್ದೆ, ಅದೂ ಇನ್ನೂರು ಜನರ ಮುಂದೆ, ಅವರಿಗಾಗದ ಶುಕ್ರವಾರ. ಆಕೆಯ ಉಸಿರು ಈಗ ನಿಜವಾಗಿಯೂ ಕಟ್ಟಿತ್ತು.

ಪಕ್ಕದ ತಟ್ಟೆಯಲ್ಲಿ ತಡವಿದೆ. ಇಂದು ನಾನು ಹಿಡಿಯಬೇಕಿದ್ದ ದೊಡ್ಡ ಚಾಕು ಕೈಗೆ ಬಂತು, ತುದಿಯಿಂದ ಹಿಡಿಯ ತನಕ ಉಕ್ಕು, ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಅಲಗಿನ ತುದಿಯನ್ನು ಸೀಸೆಯ ಬಿರಡೆಗೆ ಚುಚ್ಚಿ, ಹಿಡಿಯನ್ನು ಆಕೆಯ ಕೈಗೆ ಕೊಟ್ಟೆ. ಬಿಗಿಯಾಗಿ ಹಿಡಿದುಕೊಂಡರು. ಟಿಣ್. ಆಮೇಲೆ ಉಸಿರು ಬಿಟ್ಟರು.

ಅಕ್ಟೋಬರ್ ೨೧, ಶನಿವಾರ

ಬೆಳಿಗ್ಗೆ ರಾಜೀನಾಮೆ ಹೇಳಿದೆ, ಈಸೊಬೆಲ್ ಬರೆದಳು. ಶುಕ್ರವಾರಗಳು ಇನ್ನು ಪ್ರಿಂಗಲ್‌ನವು. ರೋಗಿ ಮೊದಲು ಮಾತಾಡಲಿ ಎಂದಷ್ಟೇ ಅವನಿಗೆ ಹೇಳಿದೆ.

ಲೌಡನ್ ರೈಲು ಹತ್ತುವ ಮುಂಚೆ ಬಂದಿದ್ದ. ಪಾಪ, ಏನು ಬರೆಯಬೇಕೆಂದು ತಿಳಿಯದೆ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ, ಅದರ ಸರಸರ ಕೇಳುತ್ತಿತ್ತು.

"ಕೊನೇ ಗಳಿಗೇಲಿ ಹೇಗೆ ಕಂಡುಹಿಡಿದ್ರಿ ಸರ್? ಯಾವ ಸುಳಿವು?"

"ಅವರನ್ನೇ ವಿಚಾರಿಸ್ದೆ ಟಾಮ್."

"ಅದನ್ನ ಕಥೇಲಿ ಹಾಕಕ್ಕಾಗಲ್ಲ ಸರ್."

"ಹಾಕ್ಬೇಡ," ಎಂದೆ.

ಮಧ್ಯಾಹ್ನ ಪ್ರಿಂಗಲ್ ಬಂದ. ಮೂರು ಸಲ ಗಂಟಲು ಸರಿಮಾಡಿಕೊಂಡು, ಶಸ್ತ್ರಶಾಲೆಯ ಪೆಟ್ಟಿಗೆಯಲ್ಲಿ ದೊಡ್ಡ ಚಾಕು ಕಾಣಿಸುತ್ತಿಲ್ಲ, ಎಲ್ಲ ಕಡೆ ಹುಡುಕಿಯಾಯಿತು ಎಂದ. ಬೆಳಿಗ್ಗೆ ಶ್ರೀಮತಿ ಕಾರ್ನಿಯವರನ್ನು ನ್ಯೂಹೇವನ್ನಿಗೆ ಗಾಡಿ ಹತ್ತಿಸುವಾಗ ಅವರ ಗಂಟನ್ನು ನಾನೇ ಎತ್ತಿಕೊಟ್ಟಿದ್ದೆ. ಬಟ್ಟೆಗಳ ನಡುವೆ ಗಟ್ಟಿಯಾಗಿ, ಉದ್ದಕ್ಕೆ ಏನೋ ಕೈಗೆ ತಗುಲಿತ್ತು.

"ಹುಡುಕ್ಬೇಡಪ್ಪ," ಎಂದೆ. "ಫೆಬ್ರವರಿ ತನಕ ಅದು ಕೆಲಸದಲ್ಲಿರತ್ತೆ."